ಹಂಪಕ್ಕನ ಗುಂಪು ಹಿಡಿಸುವ ಲೆನ್ಸ್

ಅಕ್ಷಿತಾಳ ಕೆಲಸ ಮನುಷ್ಯರನ್ನು ಅಳಿಸುವುದು. ಹೀಗೆಂದರೆ ಕೇಳಿದವರು ಬೆಚ್ಚಿಬಿದ್ದಾರು, ಅದಕ್ಕೇ ಬಿಡಿಸಿ ಹೇಳಬೇಕು. ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿ ಸಂಕರ್ಷಣ ಎಂಬುವರ ಫೋಟೊ ಸ್ಟುಡಿಯೊ ಇದೆ. ಅದರ ಒಳಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಮದುವೆಯ ಆಲ್ಬಮ್ ಜೋಡಿಸುವುದು ಅವಳ ಪಾಲಿಗೆ ಬಂದ ಕೆಲಸ. ಮದುಮಕ್ಕಳ ಹಿಂದೆ ಬಾಯಿ ತೆರೆದು ನಿಂತ ದೊಡ್ಡಪ್ಪ, ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಆಕಳಿಸಿದ ಸೋದರತ್ತೆ, ಅಕ್ಷತೆ ಎಸೆಯುವುದು ಬಿಟ್ಟು ಮೊಬೈಲು ನೋಡುತ್ತಿದ್ದ ಷಡ್ಡಕ, ಇವರನ್ನೆಲ್ಲ ಮೌಸ್ ಹಿಡಿದು ಒರೆಸಿಹಾಕಿ ಆ ಜಾಗಕ್ಕೆ ಹೂವನ್ನೋ ಮಂಜನ್ನೋ ತುಂಬಬೇಕು. ಕೆಲಸಕ್ಕೆ ಸೇರಿದಾಗಿನಿಂದ ಅವಳು ಅಳಿಸಿದ ಬಂಧುಬಳಗವನ್ನೆಲ್ಲ ಒಂದು ಕಡೆ ಕೂಡಿಸಿದರೆ ಒಂದು ಊರೇ ಆದೀತು.

ಬೇರೆಯವರು ತೆಗೆದದ್ದನ್ನು ತಿದ್ದಿ ತಿದ್ದಿ ಅವಳಿಗೆ ಸಾಕಾಗಿಹೋಗಿತ್ತು. ತಾನೇ ಕ್ಯಾಮೆರಾ ಹಿಡಿದರೆ ಇದಕ್ಕಿಂತ ಚೆನ್ನಾಗಿ ತೆಗೆಯುತ್ತೇನೆ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ಸಂಕರ್ಷಣ ಅವರಿಗೆ. ಅವರು ಕೆಟ್ಟವರೇನಲ್ಲ. ಆದರೆ ಮೂವತ್ತು ವರ್ಷದಿಂದ ಅಂಗಡಿ ನಡೆಸಿದವರು, ಗಿರಾಕಿ ಏನು ಕೇಳುತ್ತಾನೋ ಅದೇ ವೇದ ಎಂದು ನಂಬಿದವರು. ಒಂದು ದಿನ ಅವಳು ಎದುರು ನಿಂತು, ಮುಂದಿನ ಮದುವೆಗೆ ನನ್ನನ್ನೂ ಕಳಿಸಿ ಎಂದು ಕೇಳಿಯೇಬಿಟ್ಟಳು.

"ನೋಡವಾ ಅಕ್ಷಿತಾ," ಎಂದರು ಅವರು ಕನ್ನಡಕ ಹಣೆಗೇರಿಸಿ. "ಒಂದು ಫಂಕ್ಷನ್ ಪೂರ್ತಿ ನೀನ ತೆಗದು ತಂದು ತೋರಸು. ಮುಖ ಎದ್ದು ಕಾಣಬೇಕು, ಹಿಂದಿಂದೆಲ್ಲಾ ಬೆಣ್ಣಿ ಕರಗಿದಂಗ ಕರಗಿರಬೇಕು. ಈಗಿನ ಗಿರಾಕಿಗಳು ಕೇಳೋದು ಅದನ್ನ. ನನಗ ಒಪ್ಪಿಗಿ ಆದ್ರ ಈ ಸೀಸನ್ನಿಂದ ಹೆಣ್ಣಿನ ಕಡೆ ಫೋಟೊ ಎಲ್ಲಾ ನಿನ್ನ ಕೈಯಾಗ. ಇಲ್ಲಾಂದ್ರ ಹೊಸಪೇಟಿ ಹುಡುಗ ಒಬ್ಬ ಬರ್ತೀನಿ ಅಂದಾನ, ಅವನ್ನ ಇಟ್ಕೋತೀನಿ."

ಮಾತಿಗೆ ತಕ್ಕಂತೆ ಸ್ಟುಡಿಯೊದ ಹಳೆಯ ಕ್ಯಾಮೆರಾವನ್ನು ಅಗ್ಗಕ್ಕೆ ಅವಳಿಗೇ ಕೊಟ್ಟರು. ಕ್ಯಾಮೆರಾ ಎಂದರೆ ಬರೀ ಬಾಡಿ. ಅದರ ಲೆನ್ಸಿಗೆ ಬೂಷ್ಟು ಹಿಡಿದು ಯಾವತ್ತೋ ಕಸಕ್ಕೆ ಹೋಗಿತ್ತು. ಫಂಕ್ಷನ್ ಮಾತ್ರ ಮನೆಯಲ್ಲೇ ಇತ್ತು. ಕುರುಗೋಡಿಗೆ ಕೊಟ್ಟ ಅಕ್ಕ ಜ್ಯೋತಿಲಕ್ಷ್ಮಿಗೆ ಏಳನೇ ತಿಂಗಳು. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ಕುಬಸದ ಶಾಸ್ತ್ರ ತಿಂಗಳೊಳಗೇ ನಡೆಯುವುದಿತ್ತು. ಇನ್ನು ಬೇಕಾದದ್ದು ಲೆನ್ಸ್. ಕೂಡಿಟ್ಟ ದುಡ್ಡು ಒಂದೇ ಒಂದು ಲೆನ್ಸಿಗೆ ಸಾಲುವಷ್ಟಿತ್ತು, ಅದೂ ಸಾಧಾರಣದ್ದಕ್ಕೆ.

ಯಾವುದು ಕೊಳ್ಳಬೇಕೆಂದು ಅವಳು ಮೊಬೈಲಿನಲ್ಲಿ ಪಾಠ ಹೇಳುವವರನ್ನೆಲ್ಲ ಕೇಳಿದಳು. ಕನ್ನಡದವನೊಬ್ಬ, ತೆಲುಗಿನವರಿಬ್ಬರು, ಹಿಂದಿಯವರಂತೂ ಲೆಕ್ಕವಿಲ್ಲ. ಬೇರೆ ಯಾವ ವಿಷಯಕ್ಕೂ ಒಪ್ಪದ ಆ ಮಂದಿ ಇದೊಂದಕ್ಕೆ ಮಾತ್ರ ಒಕ್ಕೊರಲಿನಿಂದ ಹೇಳಿದರು: ಹೊಸಬರು ಕೊಳ್ಳಬೇಕಾದ ಮೊದಲನೇ ಲೆನ್ಸ್ ಐವತ್ತು ಮಿಲಿಮೀಟರಿನದು, ಕಣ್ಣು ಮುಚ್ಚಿ ಫಿಫ್ಟಿ ತಗೊಳ್ಳಿ. ಅಗ್ಗ, ಹಗುರ, ಮಬ್ಬು ಬೆಳಕಿನಲ್ಲೂ ಕೆಲಸ ಮಾಡುತ್ತದೆ, ಹಿಂದಿನದನ್ನೆಲ್ಲ ಕರಗಿಸಿಬಿಡುತ್ತದೆ. ಸಂಕರ್ಷಣ ಅವರು ಹೇಳಿದ ಬೆಣ್ಣೆ ಇದೇ ಎಂದು ಅಕ್ಷಿತಾಳಿಗೆ ಖಾತ್ರಿಯಾಯಿತು.

ಬ್ರೂಸ್‌ಪೇಟೆಯಲ್ಲಿ ನರಸಿಂಹ ಎಂಬುವರ ಕ್ಯಾಮೆರಾ ಅಂಗಡಿ ಇತ್ತು. ಹೊಸದು, ಹಳೆಯದು, ರಿಪೇರಿ ಎಲ್ಲ ಒಂದೇ ಗೂಡಿನಲ್ಲಿ. ಅವರು ಗಾಜಿನ ಮೇಲೆ ಮೂರು ಲೆನ್ಸ್ ಇಟ್ಟರು. ಒಂದು ಮೊಳಕೈಯಷ್ಟುದ್ದದ್ದು, ದೂರದ್ದನ್ನು ಹತ್ತಿರಕ್ಕೆಳೆಯುವುದು. ಒಂದು ಗಿಡ್ಡನೆಯ ಫಿಫ್ಟಿ. ಮೂರನೆಯದು ಹೊಸ ಕ್ಯಾಮೆರಾ ಕೊಂಡಾಗ ಡಬ್ಬಿಯಲ್ಲೇ ಬರುವ ಸಾದಾ ಲೆನ್ಸ್, ಯಾರೋ ಬಳಸಿ ಬಿಟ್ಟದ್ದು. ಅದು ಹದಿನೆಂಟರಿಂದ ಐವತ್ತೈದರವರೆಗೆ ತಿರುಗುತ್ತದೆ. ಹದಿನೆಂಟಕ್ಕೆ ತಿರುಗಿಸಿದರೆ ಎದುರಿಗಿರುವ ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ಹಿಡಿಯುತ್ತದೆ. ಎಲ್ಲರ ಹತ್ತಿರವೂ ಇರುವುದರಿಂದ ಅದಕ್ಕೆ ಯಾರೂ ಮರ್ಯಾದೆ ಕೊಡುವುದಿಲ್ಲ. ಡಬ್ಬಿ ಲೆನ್ಸ್ ಎಂದೇ ಕರೆಯುತ್ತಾರೆ.

"ಎಲ್ಲಿ ನಿಂತು ತಗೀತೀರಿ ಮೇಡಂ?" ಎಂದು ನರಸಿಂಹ ಕೇಳಿದರು. "ಬಯಲಾಗೋ, ಮನಿಯಾಗೋ?"

"ಎಲ್ಲಾ ಕಡಿ ತಗೀತೀನ್ರಿ. ಫಿಫ್ಟಿ ಕೊಡ್ರಿ."

"ಕೊಡ್ತೀನಿ. ಆದ್ರ ಇದು ತಿರುಗೋದಿಲ್ಲ ನೋಡ್ರಿ, ಹಿಂದ ಮುಂದ ನೀವ ಓಡಾಡಬೇಕು."

"ಕಾಲು ಗಟ್ಟಿ ಅದಾವ್ರಿ," ಎಂದಳು ಅಕ್ಷಿತಾ. ನರಸಿಂಹ ನಕ್ಕು ಕಟ್ಟಿಕೊಟ್ಟರು. ಗೀಚು ಬೀಳದ ಹಾಗೆ ಇಟ್ಟುಕೊಂಡರೆ, ಬೇಡವಾದಾಗ ತಂದು ಬದಲಿ ಒಯ್ಯಬಹುದು ಎಂದೂ ಹೇಳಿದರು. ಅವಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಬದಲಿ ಮಾಡುವವರು ಬೇರೆ, ತಾನು ಬೇರೆ ಎಂಬ ಜಂಬ ಆಗ.

ಆ ಭಾನುವಾರ ಸಿರುಗುಪ್ಪದ ಬಸ್ಸು ಹತ್ತಿ, ಅಲ್ಲಿ ಇಳಿದು ಇನ್ನೊಂದು ಹಿಡಿದು ಕರೂರಿನ ಮನೆಗೆ ಹೋದಳು. ಕಾಲುವೆಗೆ ನೀರು ಬಂದು ಭತ್ತದ ನಾಟಿ ಭರದಿಂದ ನಡೆದಿತ್ತು. ಅವಳ ತಾಯಿ ಹಂಪಕ್ಕನದು ಆ ಕಡೆ ಹೆಸರಾದ ಗುಂಪು. ಅದೇ ಕೇರಿಯ ಹೆಂಗಸರೆಲ್ಲ ಸೇರಿ ಗದ್ದೆ ಗುತ್ತಿಗೆ ಹಿಡಿದು ನಾಟಿ ಹಚ್ಚಿದರೆ ಸಸಿಯ ಸಾಲು ದಾರ ಎಳೆದ ಹಾಗೆ ಬರುತ್ತಿತ್ತು. ಗುಂಪಿಗೊಂದು ಕಟ್ಟಳೆ ಇತ್ತು. ಎಲ್ಲರೂ ಒಂದೇ ಸಾಲಿನಲ್ಲಿ ಬಗ್ಗಬೇಕು. ಕೈ ಚುರುಕಾದವಳು ಸಾಲು ಬಿಟ್ಟು ಹೋಗುವಂತಿಲ್ಲ; ತನ್ನ ಪಾಲು ಮುಗಿದರೆ ಪಕ್ಕದವಳ ಪಾಲಿಗೆ ಕೈ ಹಾಕಬೇಕು. ಒಬ್ಬಳು ಉಳಿದರೂ ಮಿಕ್ಕವರು ಬದು ಹತ್ತುವಂತಿಲ್ಲ. ಹಂಪಕ್ಕ ಈ ವಿಷಯದಲ್ಲಿ ಬಲು ಬಿಗಿ.

ಅಕ್ಷಿತಾ ಬದುವಿನ ಮೇಲೆ ಮಂಡಿಯೂರಿ, ಬೆಳಕು ಒಳಬಿಡುವ ಲೆನ್ಸಿನ ಕಣ್ಣನ್ನು ಹಿಂದಿನದೆಲ್ಲ ಕರಗುವ ಹಾಗೆ ಪೂರ್ತಿ ತೆರೆದು, ಅವ್ವನ ಮೇಲೆ ಗುರಿಯಿಟ್ಟಳು. ಹಂಪಕ್ಕ ಯಾವುದೋ ಮಾತಿಗೆ ತಲೆಯೆತ್ತಿ ನಕ್ಕಾಗ ಬಟನ್ ಒತ್ತಿದಳು. ಪರದೆಯ ಮೇಲೆ ನೋಡಿ ಅವಳಿಗೇ ರೋಮಾಂಚನವಾಯಿತು. ಅವ್ವನ ಹಣೆಯ ಬೆವರು, ಕೆನ್ನೆಗೆ ಹಾರಿದ ಕೆಸರಿನ ಹನಿ, ಮೂಗುಬೊಟ್ಟಿನ ಹೊಳಪು, ಒಂದೊಂದೂ ಎಣಿಸುವಷ್ಟು ಸ್ಪಷ್ಟ. ಹಿಂದೆ ಹಸಿರು, ಕೆಂಪು, ಹಳದಿ ಬಣ್ಣಗಳು ಕಲಸಿಹೋಗಿದ್ದವು. ಅವ್ವ ಇಷ್ಟು ಚೆಂದ ಇದ್ದಾಳೆಂದು ಇಪ್ಪತ್ತಮೂರು ವರ್ಷ ತನಗೆ ಗೊತ್ತೇ ಇರಲಿಲ್ಲವಲ್ಲ ಎಂದು ಅವಳ ಕಣ್ಣು ತುಂಬಿತು.

ಸಂಜೆ ಹೆಂಗಸರೆಲ್ಲ ಕಾಲುವೆಯಲ್ಲಿ ಕೈಕಾಲು ತೊಳೆದು ಟ್ರ್ಯಾಕ್ಟರಿಗೆ ಕಾಯುತ್ತ ಮೋರಿಯ ಮೇಲೆ ಕುಳಿತರು. ಅಕ್ಷಿತಾ ಫೋಟೊವನ್ನು ಮೊಬೈಲಿಗೆ ಇಳಿಸಿ ಅವರ ಕೈಗೆ ಕೊಟ್ಟಳು. ಮೊಬೈಲು ಕೈಯಿಂದ ಕೈಗೆ ಹೋಯಿತು. "ಏನ್ ಚಂದ ಬಂದಾಳ ಹಂಪಕ್ಕ!" ಎಂದರು. ಆಮೇಲೆ ಒಬ್ಬೊಬ್ಬರೇ ಎರಡು ಬೆರಳಿಟ್ಟು ಚಿತ್ರವನ್ನು ಹಿಗ್ಗಿಸಿ ತಮ್ಮನ್ನು ಹುಡುಕತೊಡಗಿದರು. ಫೋಟೊ ಎಂದ ಮೇಲೆ ಮೊದಲು ತಾನೆಲ್ಲಿದ್ದೇನೆಂದು ನೋಡುವುದು ಲೋಕದ ಪದ್ಧತಿ. ಎಷ್ಟು ಹಿಗ್ಗಿಸಿದರೂ ಬಣ್ಣವೇ ಹೊರತು ಮುಖ ಸಿಗಲಿಲ್ಲ.

"ಈ ಕೆಂಪು ಕಾಣಾಕತ್ತೈತಲ್ಲ, ಇದು ನನ್ನ ಕುಪ್ಪಸ ಇರಬೇಕು," ಎಂದಳು ಅನಿತಾ ಎನ್ನುವವಳು.

"ಅಂದ್ರ ಹಳದಿ ನಂದು. ಮಾರಿ ಎಲ್ಲಿ ಹೋತು ನಮ್ದು?" ಎಂದಳು ಪಕ್ಕದವಳು.

ಗುಂಪಿನಲ್ಲೇ ಹಿರಿಯಳು ಹುಲಿಗೆಮ್ಮ. ಗಂಡ ತೀರಿಕೊಂಡು ಎಷ್ಟೋ ವರ್ಷವಾದ ಹೆಂಗಸು, ಹಂಪಕ್ಕನ ಬಲಗೈ. ತಲೆಗೆ ಬಿಳಿ ಟವೆಲ್ಲು ಸುತ್ತಿಕೊಂಡೇ ನಾಟಿ ಹಚ್ಚುತ್ತಿದ್ದಳು. ಅವಳು ಮೊಬೈಲನ್ನು ಮುಖದ ಹತ್ತಿರ ಹಿಡಿದು ನೋಡಿ, "ಇಗಾ, ಈ ಬಿಳಿ ಚುಕ್ಕಿ ನಾನ," ಎಂದು ನಕ್ಕಳು. ಅಕ್ಷಿತಾಳ ಮುಖ ಸಪ್ಪಗಾದದ್ದನ್ನು ಕಂಡು ಬೆನ್ನು ತಟ್ಟಿದಳು. "ಇರ್ಲಿ ಬಿಡವ್ವ. ಹಿಂದ ನಿಂತು ಮಬ್ಬಾಗೋದು ನನಗೇನು ಹೊಸಾದಲ್ಲ."

ಅವಳು ಸಮಾಧಾನಕ್ಕೆಂದೇ ಆಡಿದ ಮಾತು. ಆದರೆ ಅದು ಅಕ್ಷಿತಾಳಿಗೆ ಚುಚ್ಚಿದಷ್ಟು ಬೈಗುಳವೂ ಚುಚ್ಚುತ್ತಿರಲಿಲ್ಲ.

ಬೈಗುಳ ಮನೆಯಲ್ಲಿ ಕಾದಿತ್ತು. ಹಂಪಕ್ಕ ಒಲೆಯ ಮುಂದೆ ಕುಳಿತು ರೊಟ್ಟಿ ತಟ್ಟುತ್ತಲೇ ಶುರುಮಾಡಿದಳು. "ನಾ ಯಾವತ್ತರ ಸಾಲು ಬಿಟ್ಟು ಹೋಗೀನೇನಲೇ? ನೀ ನನ್ನೊಬ್ಬಾಕಿನ್ನ ಎತ್ತಿ ಮುಂದ ಕುಂದರಿಸಿ ಅವರನ್ನೆಲ್ಲಾ ಅಳಿಸಿ ಒಗದಿ. ನಾಳೆ ಅವರ ಮಾರಿ ಹೆಂಗ ನೋಡ್ಲಿ?"

"ಅಳಿಸಿಲ್ಲ ಯವ್ವಾ. ಅದು ಬ್ಲರ್ ಅಂತ. ಅದ ಆರ್ಟು."

"ನಿನ್ನ ಆರ್ಟು ನಿನ್ನ ಅಂಗಡ್ಯಾಗ ಇಟ್ಕೋ. ಕುಬಸಕ್ಕ ನನ್ನ ಗುಂಪೆಲ್ಲಾ ಬರತೈತಿ. ಅಲ್ಲೂ ಹಿಂಗ ಮಾಡಿದ್ರ ಕ್ಯಾಮೆರಾ ಕಾಲುವಿಗೆ ಒಗೀತೀನಿ ನೋಡು."

ಸ್ಟುಡಿಯೊದಲ್ಲಿ ಮೌಸ್ ಹಿಡಿದು ಒರೆಸಿದ ದೊಡ್ಡಪ್ಪಂದಿರು, ಸೋದರತ್ತೆಯರು ಒಬ್ಬೊಬ್ಬರಾಗಿ ಅಕ್ಷಿತಾಳಿಗೆ ನೆನಪಾದರು. ಅವರೂ ಆಲ್ಬಮ್ ಕೈಗೆ ಬಂದಾಗ ಹೀಗೇ ಬೆರಳಿಟ್ಟು ಹುಡುಕಿದ್ದಾರು. ಅವಳಿಗೆ ನಾಚಿಕೆಯಾಯಿತು. ಆದರೆ ನಾಚಿಕೆ ಹೊತ್ತು ಕೂರುವ ಪೈಕಿಯಲ್ಲ ಹಂಪಕ್ಕನ ಮಗಳು.

ಮರುದಿನ ಬೆಳಿಗ್ಗೆ ಬಳ್ಳಾರಿಯ ಬಸ್ಸಿಗೆ ಮೊದಲು ಮತ್ತೆ ಗದ್ದೆಗೆ ಹೋದಳು. ಈ ಸಲ ಲೆನ್ಸಿನ ಕಣ್ಣನ್ನು ಕಿರಿದು ಮಾಡಿ, ಬದುವಿನ ಮೇಲೆ ಸಾಕಷ್ಟು ದೂರ ಹಿಂದಕ್ಕೆ ಹೋಗಿ ನಿಂತು ತೆಗೆದಳು. ಇಡೀ ಸಾಲು ಬಂತು, ಎಲ್ಲರ ಮುಖವೂ ಬಂತು. ಹಾಗಾದರೆ ತಪ್ಪು ಲೆನ್ಸಿನದಲ್ಲ, ಕಣ್ಣು ಎಷ್ಟು ತೆರೆಯಬೇಕು, ಎಲ್ಲಿ ನಿಲ್ಲಬೇಕು ಎಂದು ಯೋಚಿಸದ ತನ್ನದು. ಬಯಲಿನಲ್ಲೇನೋ ಹಿಂದಕ್ಕೆ ಹೋಗಲು ಜಾಗ ಬೇಕಾದಷ್ಟಿದೆ, ಅಕ್ಕನ ಮನೆಯಲ್ಲಿ? ಎಲ್ಲಿ ನಿಂತು ತೆಗೆಯುತ್ತೀರಿ ಎಂದು ನರಸಿಂಹ ಕೇಳಿದ್ದು ಈಗ ಅವಳ ಕಿವಿಗೆ ಬಿತ್ತು.

ಬಳ್ಳಾರಿಗೆ ಹೋಗುವ ಬದಲು ಸಿರುಗುಪ್ಪದಲ್ಲಿ ಇಳಿದವಳೇ ಸ್ಟುಡಿಯೊಗೆ ಫೋನ್ ಮಾಡಿ ರಜೆ ಹೇಳಿದಳು, ಕುರುಗೋಡಿನ ದಾರಿ ಹಿಡಿದಳು. ಜ್ಯೋತಿಲಕ್ಷ್ಮಿಯ ಮನೆ ಗುಡ್ಡದ ಬುಡದಲ್ಲಿತ್ತು, ಕಲ್ಲಿನ ದಪ್ಪ ಗೋಡೆಯ ಹಳೆಯ ಮನೆ. ನಡುಮನೆ ಒಂದೇ. ಅದರ ಗೋಡೆಯ ಮೇಲೆ ಬುದ್ಧನ ಫೋಟೊ, ಪಕ್ಕದಲ್ಲೇ ಹುಲಿಗೆಮ್ಮ ದೇವಿಯ ಫೋಟೊ. ಕಿಟಕಿ ಸಣ್ಣದು, ಹಿಂಬದಿಗೆ ಅಡುಗೆಮನೆಯ ಬಾಗಿಲು. ತುಂಬು ಹೊಟ್ಟೆಯ ಅಕ್ಕನನ್ನು ನಡುವೆ ಕೂರಿಸಿ ಅಕ್ಷಿತಾ ಎದುರಿನ ಗೋಡೆಗೆ ಬೆನ್ನು ತಾಗುವವರೆಗೆ ಹಿಂದೆ ಸರಿದಳು. ಫಿಫ್ಟಿಯಲ್ಲಿ ಕಂಡದ್ದು ಅಕ್ಕ, ಅವಳ ಆಚೆಗೊಬ್ಬರು ಈಚೆಗೊಬ್ಬರು ನಿಲ್ಲುವಷ್ಟು ಜಾಗ, ಅಷ್ಟೇ. ಹಂಪಕ್ಕನ ಗುಂಪು, ಬೀಗರ ಕಡೆಯವರು, ಓಣಿಯ ಮುತ್ತೈದೆಯರು ಎಲ್ಲ ಚೌಕಟ್ಟಿನ ಹೊರಗೆ.

"ಯಾಕಲೇ, ಮಾರಿ ಹಿಂಗ ಮಾಡ್ಕೊಂಡು ನಿಂತಿ?" ಎಂದಳು ಜ್ಯೋತಿಲಕ್ಷ್ಮಿ.

"ಅಕ್ಕಾ, ನಿನ್ನ ಫೋಟೊ ಚಂದ ಬರಬೇಕೋ, ಎಲ್ಲಾರೂ ಇರೋ ಫೋಟೊ ಬರಬೇಕೋ?"

ಅಕ್ಕ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಯೋಚಿಸಿದಳು. "ಇದು ಹುಟ್ಟಿ ದೊಡ್ಡದಾದ ಮ್ಯಾಲೆ ತೋರಸಬೇಕಲ್ಲ, ಯಾರ್ಯಾರು ಬಂದಿದ್ರು ಅಂತ. ನನ್ನ ಮಾರಿ ಅದಕ್ಕ ದಿನಾ ಕಾಣತೈತಿ ಬಿಡು."

ಅಲ್ಲಿಗೆ ತೀರ್ಮಾನವಾಯಿತು. ಆದರೆ ತೀರ್ಮಾನದ ಹಿಂದೆಯೇ ಅಳುಕೊಂದು ಬಂತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಸಂಕರ್ಷಣ ಅವರು ಕೇಳಿದ್ದು ಬೆಣ್ಣೆ. ಅಂಥ ಇಕ್ಕಟ್ಟಿನ ಮನೆಯಲ್ಲಿ ಡಬ್ಬಿ ಲೆನ್ಸಿನಿಂದ ಎಲ್ಲರನ್ನೂ ಹಿಡಿದರೆ ಬೆಣ್ಣೆ ಬರುವುದಿಲ್ಲ. ಅವರು ಮೂಗು ಮುರಿದರೆ ಕ್ಯಾಮೆರಾ ಹೊಸಪೇಟೆ ಹುಡುಗನ ಕೈಗೆ ಹೋಗುತ್ತದೆ, ತಾನು ಮತ್ತೆ ಒಳಕೋಣೆಯಲ್ಲಿ ಕುಳಿತು ಅವನು ತೆಗೆದವರನ್ನು ಒರೆಸುತ್ತ ಇರಬೇಕಾಗುತ್ತದೆ. ಬಸ್ಸಿನಲ್ಲಿ ಬಳ್ಳಾರಿ ಬರುವವರೆಗೂ ಇದೇ ಯೋಚನೆ. ಬ್ರೂಸ್‌ಪೇಟೆಯಲ್ಲಿ ಇಳಿಯುವ ಹೊತ್ತಿಗೆ ಅಳುಕು ಬಸ್ಸಿನಲ್ಲೇ ಉಳಿದಿತ್ತು.

"ಇಷ್ಟು ಬೇಗ ಬ್ಯಾಸರಾತೇನ್ರಿ ಫಿಫ್ಟಿ?" ಎಂದರು ನರಸಿಂಹ.

"ಲೆನ್ಸ್ ಬಂಗಾರದಂಥಾದ್ದು. ನಮ್ಮಕ್ಕನ ಮನಿ ಸಣ್ಣದು. ಆ ಡಬ್ಬಿ ಲೆನ್ಸ್ ಕೊಡ್ರಿ."

ಈ ಸಲ ಅವಳು ಕಣ್ಣು ಮುಚ್ಚಿ ತೆಗೆದುಕೊಳ್ಳಲಿಲ್ಲ. ಮೊಬೈಲಿನ ಟಾರ್ಚನ್ನು ಒಂದು ಬದಿಯಿಂದ ಬಿಟ್ಟು ಇನ್ನೊಂದು ಬದಿಯಿಂದ ಇಣುಕಿ, ಗಾಜಿನೊಳಗೆ ಬೂಷ್ಟಿನ ಎಳೆ ಇದೆಯೇ ಎಂದು ನೋಡಿದಳು. ತಿರುಗಿಸುವ ಬಳೆ ಎಲ್ಲಾದರೂ ಸಿಕ್ಕಿಕೊಳ್ಳುತ್ತದೆಯೇ ಎಂದು ತಿರುವಿದಳು. ಕ್ಯಾಮೆರಾಗೆ ಜೋಡಿಸಿ, ಅಂಗಡಿಯ ಶಟರಿಗೆ ಬೆನ್ನು ಕೊಟ್ಟು ನಿಂತು, ನರಸಿಂಹ, ಅವರ ಹಿಂದಿನ ಕಪಾಟು, ಬೆಂಚಿನ ಮೇಲಿದ್ದ ಇಬ್ಬರು ಗಿರಾಕಿಗಳು, ಎಲ್ಲರನ್ನೂ ಒಂದೇ ಫೋಟೊದಲ್ಲಿ ಹಿಡಿದಳು. ಪರದೆಯಲ್ಲಿ ಹಿಗ್ಗಿಸಿದರೆ ಮೂಲೆಯಲ್ಲಿ ಕುಳಿತವನ ಅಂಗಿಯ ಗುಂಡಿಯೂ ಕಂಡಿತು. ಫಿಫ್ಟಿ ಕೊಟ್ಟು ಅದನ್ನು ತೆಗೆದುಕೊಂಡಳು. ಅದು ಅಗ್ಗದ್ದಾದ್ದರಿಂದ ಮೇಲೊಂದಿಷ್ಟು ದುಡ್ಡು ವಾಪಸು ಬಂತು. ಅದರಲ್ಲಿ ಅಕ್ಕನಿಗೆ ಹಸಿರು ಬಳೆ ಕೊಂಡಳು.

ಕುಬಸದ ದಿನ ಹಂಪಕ್ಕನ ಗುಂಪು ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟು ಟೆಂಪೊ ಮಾಡಿಕೊಂಡು ಕುರುಗೋಡಿಗೆ ಬಂದಿಳಿಯಿತು. ಅವರಿಗಿಂತ ಮೊದಲೇ ಅಕ್ಷಿತಾ ಅಲ್ಲಿದ್ದಳು. ಡಬ್ಬಿ ಲೆನ್ಸಿಗೆ ಬೆಳಕು ಹೆಚ್ಚು ಬೇಕು. ಬೆಳಕು ಸಾಲದೆಂದು ಕ್ಯಾಮೆರಾದಲ್ಲಿ ಐಎಸ್‌ಒ ಏರಿಸುತ್ತ ಹೋದರೆ ಫೋಟೊದ ಮೇಲೆಲ್ಲ ರವೆ ಚೆಲ್ಲಿದ ಹಾಗೆ ಕಾಣುತ್ತದೆ. ಅದಕ್ಕೆ ಬಾಗಿಲ ಪರದೆ ಕಿತ್ತಳು, ಕಿಟಕಿಗೆ ಅಡ್ಡವಿದ್ದ ಕಾಳಿನ ಚೀಲ ಸರಿಸಿದಳು, ಭಾವನ ಬಿಳಿ ಪಂಚೆಯೊಂದನ್ನು ಎದುರು ಗೋಡೆಗೆ ಬಿಗಿದು ಹೊರಗಿನ ಬೆಳಕು ಅಕ್ಕನ ಮುಖಕ್ಕೆ ಮರಳುವ ಹಾಗೆ ಮಾಡಿದಳು. ಬೀಗಿತ್ತಿ, "ಏನವ್ವ, ಫೋಟೊ ತಗೀತೀಯೋ ಮನಿ ಖಾಲಿ ಮಾಡ್ತೀಯೋ?" ಎಂದು ಕೇಳಿದರು. ಅಗಲವಾಗಿ ಹಿಡಿಯುವ ಲೆನ್ಸು ಅಂಚಿನಲ್ಲಿ ನಿಂತವರನ್ನು ಹಿಗ್ಗಿಸಿ ದಪ್ಪ ತೋರಿಸುತ್ತದೆ ಎಂಬುದು ಗೊತ್ತಿದ್ದರಿಂದ ತೆಳ್ಳಗಿನವರನ್ನು ಅಂಚಿಗೆ ಕಳಿಸಿ, ಬೀಗಿತ್ತಿಯನ್ನು ಮರ್ಯಾದೆಯಿಂದ ನಡುವಿಗೆ ಕರೆದು ಕೂರಿಸಿದಳು. ಬೀಗಿತ್ತಿಗೆ ಅದು ದೊಡ್ಡ ಗೌರವವೆನಿಸಿ ಆಮೇಲೆ ಒಂದು ಮಾತೂ ಆಡಲಿಲ್ಲ.

ಮುತ್ತೈದೆಯರು ಅಕ್ಕನ ಸುತ್ತ ನೆರೆದರು. ಹುಲಿಗೆಮ್ಮ ಕಾಣಲಿಲ್ಲ. ಟೆಂಪೊ ಇಳಿದಾಗಿನಿಂದ ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದವಳು ಬಾಗಿಲ ಹಿಂದೆಯೇ ನಿಂತಿದ್ದಳು.

"ಅತ್ತೀ, ಬಾ ಈ ಕಡಿ," ಎಂದು ಅಕ್ಷಿತಾ ಕರೆದಳು.

"ಬ್ಯಾಡವ್ವ. ಚೊಚ್ಚಲ ಬಸುರಿ. ಉಡಿ ತುಂಬೂ ಮುಂದ ನಾ ಬರಬಾರದು. ನಾ ಇಲ್ಲೇ ಇರ್ತೀನಿ."

ಅಕ್ಷಿತಾಳಿಗೆ ಸಿಟ್ಟು ಬಂತು. ಹುಲಿಗೆಮ್ಮನ ಮೇಲಲ್ಲ, ಅವಳನ್ನು ಬಾಗಿಲ ಹಿಂದೆ ನಿಲ್ಲಿಸಿದ ಆ ಹಳೆಯ ಭಯದ ಮೇಲೆ. ಆದರೆ ಕೈ ಹಿಡಿದು ಎಳೆದು ತಂದರೆ ಮುದುಕಿ ಎಲ್ಲರೆದುರು ಕುಗ್ಗಿಹೋಗುತ್ತಾಳೆಂಬುದೂ ಅವಳಿಗೆ ಗೊತ್ತಿತ್ತು. ಅದಕ್ಕೆ ಬೇರೆ ದಾರಿ ಹಿಡಿದಳು. ಅಕ್ಕನನ್ನು ಎಬ್ಬಿಸಿ, ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೆ ನೇರವಾಗಿ ಸರಿಸಿ, ಮತ್ತೆ ಕೂರಿಸಿದಳು. ಎಲ್ಲ ಹೆಂಗಸರೂ ಕುರ್ಚಿಯೊಂದಿಗೆ ಸರಿದರು.

"ಹಂಗಾರ ಅಲ್ಲೇ ಇರು ಅತ್ತಿ. ಬಾಗಿಲಾ ಮಾತ್ರ ಹಾಕ್ಕೋಬ್ಯಾಡ."

ಅಡುಗೆಮನೆಯ ಹಿಂಬಾಗಿಲಿನಿಂದ ಬಂದ ಬೆಳಕು ಹುಲಿಗೆಮ್ಮನ ಕೆನ್ನೆಯ ಮೇಲೆ ಬಿದ್ದಿತ್ತು. ಅಕ್ಷಿತಾ ಲೆನ್ಸನ್ನು ಹದಿನೆಂಟಕ್ಕೆ ತಿರುಗಿಸಿದಳು, ಅದರ ಕಣ್ಣು ಕಿರಿದು ಮಾಡಿದಳು, ಬೆನ್ನನ್ನು ಬಿಳಿ ಪಂಚೆಗೆ ಒತ್ತಿದಳು. "ಎಲ್ಲಾರೂ ಈ ಕಡಿ ನೋಡ್ರಿ!" ಎಂದು ಕೂಗಿದಳು. ಎಲ್ಲರೂ ನೋಡಿದರು.

ಅಮಾವಾಸ್ಯೆಗೆ ಕರೂರಿನಲ್ಲಿ ಗದ್ದೆಗಿಳಿಯುವುದಿಲ್ಲ. ಹಂಪಕ್ಕನ ಗುಂಪು ಅವತ್ತು ಬಳ್ಳಾರಿಗೆ ಕನಕ ದುರ್ಗಮ್ಮನ ದರ್ಶನಕ್ಕೆ ಬರುವುದಿತ್ತು. ದರ್ಶನ ಮುಗಿಸಿ ಸ್ಟುಡಿಯೊಗೆ ಬನ್ನಿ, ಫೋಟೊ ದೊಡ್ಡ ಪರದೆಯಲ್ಲಿ ತೋರಿಸುತ್ತೇನೆ ಎಂದು ಅಕ್ಷಿತಾಳೇ ಹೇಳಿದ್ದಳು. ಅವರು ಬರುವುದಕ್ಕೂ ಸ್ವಲ್ಪ ಮೊದಲು ಸಂಕರ್ಷಣ ಅವಳ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕುಳಿತು, ಕುಬಸದ ಚಿತ್ರಗಳನ್ನು ಒಂದೊಂದಾಗಿ ನೋಡಿದರು. ಬೆಳಕು ಚೆನ್ನಾಗಿ ಹಿಡಿದಿದ್ದೀ ಎಂದರು. ಬಳೆ ತೊಡಿಸುವ ಚಿತ್ರಕ್ಕೆ ತಲೆದೂಗಿದರು. ಕೊನೆಗೆ ಎಲ್ಲರೂ ಇರುವ ಚಿತ್ರ ಬಂದಾಗ ಮೌಸ್ ಬಿಟ್ಟರು.

"ನಾ ಏನು ಹೇಳಿದ್ದೆ ನಿನಗ? ಬ್ಲರ್ ಎಲ್ಲದವಾ ಇದ್ರಾಗ? ಹಿಂದಿನವರು ಮುಂದಿನವರು ಎಲ್ಲಾ ಒಂದ ಸಮ ಕಾಣಸ್ತಾರ. ಯಾವ ಲೆನ್ಸಿದು?"

"ಡಬ್ಬಿ ಲೆನ್ಸ್ ಸರ್. ಫಿಫ್ಟಿ ತಗೊಂಡಿದ್ದೆ, ವಾಪಸ್ ಕೊಟ್ಟೆ."

"ವಾಪಸ್ ಕೊಟ್ಟೆ?"

"ಹೂಂ ಸರ್. ಬ್ಲರ್ ಮಾಡೂವಂಥಾ ಮಂದಿ ಅಲ್ಲಿ ಯಾರೂ ಸಿಗಲಿಲ್ಲ."

ಸಂಕರ್ಷಣ ಕುರ್ಚಿಯನ್ನು ಅವಳ ಕಡೆ ತಿರುಗಿಸಿದರು. ಹೊಸಪೇಟೆ ಹುಡುಗನ ಹೆಸರು ಅವರ ನಾಲಿಗೆಯ ತುದಿಗೆ ಬಂದಿತ್ತೆಂದು ಕಾಣುತ್ತದೆ. ಅಷ್ಟರಲ್ಲಿ ಹಣೆಯ ತುಂಬ ಭಂಡಾರ ಕುಂಕುಮ ಹಚ್ಚಿಕೊಂಡ ಹೆಂಗಸರು ಚಪ್ಪಲಿಗಳನ್ನು ಹೊರಗೆ ಬಿಟ್ಟು ಒಳಕೋಣೆಗೆ ನುಗ್ಗಿದರು. ಪರದೆಯ ಮುಂದೆ ಗುಂಪುಗೂಡಿ, ಮಾಲೀಕರು ಕುಳಿತಿದ್ದಾರೆಂಬುದನ್ನೂ ಗಮನಿಸದೆ, ಎಂದಿನಂತೆ ಹುಡುಕತೊಡಗಿದರು. ಈ ಸಲ ಹುಡುಕುವುದಕ್ಕೆ ಹೊತ್ತು ಹಿಡಿಯಲಿಲ್ಲ. ಇದು ನಾನು, ಇದು ನೀನು, ಅಯ್ಯ ನನ್ನ ಹಲ್ಲು ನೋಡು, ಬೀಗಿತ್ತಿ ಏನು ಗತ್ತಿನಿಂದ ಕುಂತಾಳ ನೋಡು! ಒಬ್ಬಳು ನನಗೊಂದು ಬೇಕು ಎಂದಳು. ಅದರ ಬೆನ್ನಿಗೇ ನನಗೂ ನನಗೂ ಎಂದು ಗಲಾಟೆಯಾಯಿತು.

ಹುಲಿಗೆಮ್ಮ ಅಲ್ಲಿಯೂ ಎಲ್ಲರಿಗಿಂತ ಹಿಂದೆ ನಿಂತಿದ್ದಳು. ಹಂಪಕ್ಕ ಅವಳ ತೋಳು ಹಿಡಿದು ಪರದೆಯ ಮುಂದಕ್ಕೆ ತಂದಳು. ಮುದುಕಿ ಬಗ್ಗಿ, ಮುತ್ತೈದೆಯರ ಸಾಲನ್ನು ದಾಟಿ, ಜ್ಯೋತಿಲಕ್ಷ್ಮಿಯ ಹೆಗಲನ್ನು ದಾಟಿ, ಅಡುಗೆಮನೆಯ ಬಾಗಿಲಿನವರೆಗೆ ಬೆರಳು ತಂದಳು. ಹಿಟ್ಟು ಮೆತ್ತಿದ ಕೈಯಿಂದ ಸೆರಗು ಸರಿಮಾಡಿಕೊಳ್ಳುತ್ತ ನಿಂತ ಹೆಂಗಸು, ಕೆನ್ನೆಯ ಮೇಲೆ ಬೆಳಕು.

"ಇಗಾ," ಎಂದಳು ಮೆಲ್ಲಗೆ. "ಇದರಾಗ ನಾ ಅದೀನಿ."

ಸಂಕರ್ಷಣ ಅವರೊಳಗಿನ ಅಂಗಡಿಕಾರ ಎಚ್ಚೆತ್ತ. ಅವರು ಮೌಸ್ ಹಿಡಿದು ಆ ಬಾಗಿಲಿನ ಸುತ್ತ ಒಂದು ಚೌಕ ಎಳೆದರು. "ನಿಮ್ಮದೊಬ್ಬರದ ಬಿಡಿಸಿ ದೊಡ್ಡದು ಮಾಡಿ ಕೊಡ್ಲೇನಮ್ಮ? ಇವರೆಲ್ಲಾ ಬ್ಯಾಡ, ನೀವಷ್ಟ. ಚಂದ ಬರ್ತದ."

"ಬ್ಯಾಡ್ರಿಯಪ್ಪ," ಎಂದಳು ಹುಲಿಗೆಮ್ಮ ಗಾಬರಿಯಿಂದ. "ಒಬ್ಬಾಕಿನ್ನ ಗ್ವಾಡಿಗೆ ಹಾಕ್ಕೊಂಡು ಏನ್ ಮಾಡ್ಲಿ? ಮನಿಯಾಗ ದಿನಾ ಒಬ್ಬಾಕಿನ ಇರ್ತೀನಿ. ಇವರ ಕೂಡ ಇದ್ದೆ ಅನ್ನೋದು ಕಾಣಬೇಕ್ರಿ. ಯಾರನ್ನೂ ತಗೀಬ್ಯಾಡ್ರಿ."

 ಸಂಕರ್ಷಣ ತಾವು ಎಳೆದ ಚೌಕವನ್ನು ಅಳಿಸಿದರು. ಕನ್ನಡಕ ಹಣೆಗೇರಿಸಿ ಚಿತ್ರವನ್ನು ಇನ್ನೊಮ್ಮೆ ನೋಡಿದರು, ಹಿಂದಿನಿಂದ ಮುಂದಕ್ಕೆ, ಒಂದೊಂದು ಮುಖ. ಹಾಗೆ ಅವರು ಒಂದು ಫೋಟೊ ನೋಡಿ ಎಷ್ಟೋ ಕಾಲವಾಗಿತ್ತು.

"ಬರೋ ಭಾನುವಾರ ಸಿರುಗುಪ್ಪದಾಗ ಮದುವಿ ಅದ," ಎಂದರು ಕೊನೆಗೆ, ಅಕ್ಷಿತಾಳ ಕಡೆ ತಿರುಗದೆಯೇ. "ಹೆಣ್ಣಿನ ಕಡೆ ನೀನು. ಮದುಮಗಳ ಮುಖಕ್ಕ ಸ್ಟುಡಿಯೊದ ಫಿಫ್ಟಿ ಒಯ್ಯಿ. ಮಂದಿಗೆ ನಿನ್ನ ಆ ಡಬ್ಬಿ ಇರ್ಲಿ."

ಅಕ್ಷಿತಾ ಹೂಂ ಸರ್ ಎಂದಳು.  ಅವ್ವನ ಕಡೆ ನೋಡಿದಳು. ಆದರೆ ಹಂಪಕ್ಕನಿಗೆ ಈ ಮಾತು ಕೇಳಿಸಿಯೇ ಇರಲಿಲ್ಲ. ಅವಳು ಪರದೆಗೆ ಮೂಗು ತಾಗುವಷ್ಟು ಬಗ್ಗಿ, ಸಾಲಿನಲ್ಲಿ ಯಾರೋ ಒಬ್ಬರು ಉಳಿದುಹೋದ ಹಾಗೆ, ಈ ತುದಿಯಿಂದ ಆ ತುದಿಯವರೆಗೆ ಇನ್ನೂ ಹುಡುಕುತ್ತಲೇ ಇದ್ದಳು.

"ಎಲ್ಲಾರೂ ಅದಾರ. ನೀ ಎಲ್ಲಿದ್ದೀಯಲೇ ಇದರಾಗ?"

ಅಕ್ಷಿತಾ ಬಗ್ಗಿ ಅವ್ವನ ಹೆಗಲ ಮೇಲೆ ಗಲ್ಲವಿಟ್ಟಳು. ಪರದೆಯ ಮೇಲೆ ಅಕ್ಕ, ಅವ್ವ, ಬೀಗಿತ್ತಿ, ಅನಿತಾ, ಬಾಗಿಲಲ್ಲಿ ಹುಲಿಗೆಮ್ಮ, ಎಲ್ಲರ ಕಣ್ಣೂ ಒಂದೇ ಕಡೆಗಿತ್ತು.

"ಇಷ್ಟು ಮಂದಿ ಯಾರನ್ನ ನೋಡಾಕತ್ತೀರಿ ಯವ್ವಾ?" ಎಂದಳು. "ಅಲ್ಲೇ ಅದೀನಿ."